ಮನಸ್ಸಿನ ಚಿಕಿತ್ಸೆ ಕಲಿಯಲು ಹೊರಟ ಕಾಸರಗೋಡಿನವರಿಗೆ: ಡಿಗ್ರಿಯ ನಂತರ ಯಾವ ದಾರಿ?

ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸೈಕಾಲಜಿಯಲ್ಲಿ ಪಿ.ಜಿ. ಮಾಡಬೇಕು ಅಂತ ಇದ್ದೇನೆ, ಯಾವ ಕಾಲೇಜು ಒಳ್ಳೇದು?” ಕಾಲೇಜಿನ ಹೆಸರು ಹೇಳುವ ಮೊದಲು ನಾನು ತಿರುಗಿ ಕೇಳುವುದು ಎರಡು ಮಾತು. ಕೋರ್ಸು ಮುಗಿದ ಮೇಲೆ ನಿಮ್ಮ ಹೆಸರು ಯಾವ ರಿಜಿಸ್ಟರಿಗೆ ಸೇರುತ್ತದೆ? ಕಲಿಯುವ ಅವಧಿಯಲ್ಲಿ ಅನುಭವಸ್ಥರೊಬ್ಬರು ಪಕ್ಕದಲ್ಲಿ ಕೂತು ನಿಮ್ಮ ಕೆಲಸ ನೋಡುತ್ತಾರಾ? ಈ ಎರಡಕ್ಕೂ ಉತ್ತರ ಸಿಗದೆ ಫೀಸು ಕಟ್ಟಬೇಡಿ. ಎರಡು ವರ್ಷ, ಅಪ್ಪನ ಅಡಕೆ ಮಾರಿದ ದುಡ್ಡು, ಎಲ್ಲ ಹೋದ ಮೇಲೆ “ಇದರಲ್ಲಿ ರಿಜಿಸ್ಟ್ರೇಶನ್ ಇಲ್ಲವಂತೆ” ಎಂದು ತಿಳಿದವರನ್ನು ನೋಡಿದ್ದೇನೆ. ಅವರ ಮುಖ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು.

ಓದಲು ಹೊರಟ ನಿರ್ಧಾರ ಮಾತ್ರ ಒಳ್ಳೆಯದೇ. ನಿಮ್ಹಾನ್ಸ್ 2015-16ರಲ್ಲಿ ಕೇರಳವೂ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಚಿಕಿತ್ಸೆ ಸಿಗದೆ ಉಳಿದವರ ಪಾಲು ಕಾಯಿಲೆಯನ್ನು ಹೊಂದಿಕೊಂಡು ಶೇ. 70ರಿಂದ 92. ಜನ ಬೇಕು, ತುಂಬ ಬೇಕು. ಆದರೆ ಸರಿಯಾಗಿ ಕಲಿತ ಜನ ಬೇಕು.

ಮೊದಲ ಹೆಜ್ಜೆ: ಯಾವ ಕೆಲಸ ಎಂದು ತೀರ್ಮಾನಿಸಿ

ಮನಸ್ಸಿಗೆ ಚಿಕಿತ್ಸೆ ಕೊಡುವವರೆಲ್ಲ ಒಂದೇ ಎಂಬ ಭಾವನೆ ನಮ್ಮಲ್ಲಿದೆ. ಆಸ್ಪತ್ರೆಯೊಳಗೆ ಹೋದರೆ ಕನಿಷ್ಠ ಐದು ಬಗೆಯವರು ಕಾಣಸಿಗುತ್ತಾರೆ.

ಸೈಕಿಯಾಟ್ರಿಸ್ಟ್ ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷದ ಎಂ.ಡಿ. ಅಥವಾ ಡಿ.ಎನ್.ಬಿ. ಮಾಡಿದ ವೈದ್ಯರು, ಔಷಧಿ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ. ಪರೀಕ್ಷೆಗಳನ್ನು ನಡೆಸಿ ತೊಂದರೆಯ ಸ್ವರೂಪ ಗುರುತಿಸುತ್ತಾರೆ, ವಾರ ವಾರ ಕೂತು ಸೈಕೋಥೆರಪಿ, ಅಂದರೆ ಮಾತಿನ ಚಿಕಿತ್ಸೆ, ಕೊಡುತ್ತಾರೆ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ರೋಗಿಯ ಜೊತೆಗೆ ಅವನ ಮನೆ, ಕೆಲಸ, ನೆರೆಕರೆ ಎಲ್ಲವನ್ನೂ ನೋಡುತ್ತಾರೆ. ಬಿಡುಗಡೆಯಾದವನು ಮನೆಗೆ ಹೋದ ಮೇಲೆ ಮಾತ್ರೆ ಕೊಡುವವರು ಯಾರು, ಅವನಿಗೆ ಪಿಂಚಣಿ ಸಿಗುತ್ತದಾ, ಹೆಂಡತಿಯ ಸ್ಥಿತಿ ಏನು ಎಂದು ವಿಚಾರಿಸುವವರು ಇವರೇ. ಸೈಕಿಯಾಟ್ರಿಕ್ ನರ್ಸ್ ಇಪ್ಪತ್ತನಾಲ್ಕು ಗಂಟೆಯೂ ರೋಗಿಯ ಬಳಿ ಇರುವವರು. ಕೌನ್ಸೆಲಿಂಗ್ ಸೈಕಾಲಜಿಸ್ಟ್ ಅಥವಾ ಕೌನ್ಸಿಲರ್ ಹೆಚ್ಚಾಗಿ ಶಾಲೆ, ಕಾಲೇಜು, ಕುಟುಂಬ ಕಲಹ, ಕುಡಿತ ಬಿಡಿಸುವ ಕೇಂದ್ರಗಳಲ್ಲಿ ಕೆಲಸ ಮಾಡುತ್ತಾರೆ.

ನಮ್ಮಲ್ಲಿ ಎಲ್ಲರೂ ಕ್ಲಿನಿಕಲ್ ಸೈಕಾಲಜಿಯ ಹಿಂದೆಯೇ ಓಡುತ್ತಾರೆ. ಹೆಸರಿಗೊಂದು ಘನತೆ ಇದೆ, ನಿಜ. ಆದರೆ ಮನೆ ಮನೆ ಹತ್ತಿಳಿದು ಜನರ ಜೊತೆ ಬೆರೆಯುವ ಸ್ವಭಾವ ನಿಮ್ಮದಾಗಿದ್ದರೆ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಪಿ.ಜಿ.) ಮಾಡಿ ಮೆಡಿಕಲ್ ಮತ್ತು ಸೈಕಿಯಾಟ್ರಿಕ್ ವಿಭಾಗ ಆರಿಸಿಕೊಳ್ಳುವುದು ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನರ್ಸಿಂಗ್ ಓದಿದವರಿಗಂತೂ ಈ ಕ್ಷೇತ್ರದ ಬಾಗಿಲು ತೆರೆದೇ ಇದೆ. ಅದರ ಕಡೆ ತಿರುಗಿ ನೋಡುವವರು ಕಡಿಮೆ. ಕಾಸರಗೋಡಿನಿಂದ ಗಲ್ಫಿಗೆ ಹೊರಡುವ ಬಿ.ಎಸ್ಸಿ. ನರ್ಸುಗಳಲ್ಲಿ ನಾಲ್ಕು ಮಂದಿ ಮಾನಸಿಕ ಆರೋಗ್ಯದ ಕಡೆ ತಿರುಗಿದರೂ ಜಿಲ್ಲೆಗೆ ಉಪಕಾರ.

ಎರಡನೆಯದು: ರಿಜಿಸ್ಟರು ನೋಡಿ, ಆಮೇಲೆ ಕೋರ್ಸು

ಇದು ಈ ಲೇಖನದ ಮುಖ್ಯ ಭಾಗ. ನಿಧಾನವಾಗಿ ಓದಿ.

ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಇಟ್ಟಿರುವ ಕೇಂದ್ರ ರಿಜಿಸ್ಟರಿನಲ್ಲಿ ಹೆಸರು ಇರಬೇಕು. ಈ ಪರಿಷತ್ತು 1992ರ ಕಾಯ್ದೆಯಿಂದ ಬಂದದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದನ್ನು ಆರ್‌ಸಿಐ ಮಾನ್ಯತೆಯ ಆಧಾರದಲ್ಲೇ ಹೇಳುತ್ತದೆ. ಬರೀ ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ ಮಾಡಿದವರು, ಎಷ್ಟೇ ಒಳ್ಳೆಯ ಅಂಕ ತೆಗೆದಿರಲಿ, ಈ ರಿಜಿಸ್ಟರಿಗೆ ಸೇರುವುದಿಲ್ಲ.

ಇದುವರೆಗಿನ ರಾಜಮಾರ್ಗ ಹೀಗಿತ್ತು: ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿ, ಅದರಲ್ಲಿ ಕನಿಷ್ಠ ಶೇ. 55 ಅಂಕ (ಮೀಸಲಾತಿಯವರಿಗೆ ಶೇ. 50), ಆಮೇಲೆ ಆಸ್ಪತ್ರೆಯಲ್ಲಿದ್ದುಕೊಂಡೇ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025-26ರ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ಹಾಗಾಗಿ ನಿಮ್ಮ ಅಕ್ಕನೋ ಸೀನಿಯರೋ ಹೋದ ದಾರಿಯನ್ನು ಕಣ್ಣುಮುಚ್ಚಿ ಹಿಡಿಯುವ ಹಾಗಿಲ್ಲ. ಆರ್‌ಸಿಐ ಈಗ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಮುಂತಾದ ಹೊಸ ಕೋರ್ಸುಗಳನ್ನು ರೂಪಿಸಿದೆ. ನೀವು ಅರ್ಜಿ ಹಾಕುವ ವರ್ಷ ಯಾವ ಸಂಸ್ಥೆಯ ಯಾವ ಕೋರ್ಸಿಗೆ ಮಾನ್ಯತೆ ಇದೆ ಎಂಬುದನ್ನು ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ನೀವೇ ನೋಡಬೇಕು. ಕಾಲೇಜಿನ ಬ್ರೋಷರ್ ನಂಬಿ ಕೂರಬೇಡಿ.

ಇಲ್ಲೊಂದು ಗುಂಡಿ ಇದೆ. “ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ” ಎಂಬ ಹೆಸರಿನ ಕೋರ್ಸುಗಳು ಎಷ್ಟೋ ವಿಶ್ವವಿದ್ಯಾಲಯಗಳಲ್ಲಿವೆ. ಪದವಿಯಾಗಿ ಅವಕ್ಕೆ ಬೆಲೆ ಇದೆ, ಕಲಿಸುವುದೂ ಚೆನ್ನಾಗಿರಬಹುದು. ಆದರೆ ಹೆಸರಿನಲ್ಲಿ ಕ್ಲಿನಿಕಲ್ ಇದ್ದ ಮಾತ್ರಕ್ಕೆ ರಿಜಿಸ್ಟ್ರೇಶನ್ ಬರುವುದಿಲ್ಲ. ಎಡ್ಮಿಶನ್ ಸಮಯದಲ್ಲಿ ಆಫೀಸಿನಲ್ಲಿ ನೇರವಾಗಿ ಕೇಳಿ: “ಈ ಕೋರ್ಸು ಮುಗಿಸಿದವರಿಗೆ ಆರ್‌ಸಿಐ ನಂಬರು ಸಿಗುತ್ತದಾ? ಕಳೆದ ಬ್ಯಾಚಿನವರಿಗೆ ಸಿಕ್ಕಿದೆಯಾ?” ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ರಿಜಿಸ್ಟ್ರೇಶನ್ ಸಿಕ್ಕಿದ ಮೇಲೂ ಅದು ಶಾಶ್ವತವಲ್ಲ. ಆಗಾಗ ಆರ್‌ಸಿಐ ಒಪ್ಪಿದ ತರಬೇತಿಗಳಲ್ಲಿ ಭಾಗವಹಿಸಿ ನವೀಕರಿಸಿಕೊಳ್ಳಬೇಕು.

ಉಳಿದವರ ಗತಿ? 2021ರಲ್ಲಿ ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಆರ್‌ಸಿಐ ವ್ಯಾಪ್ತಿಗೆ ಬಾರದ ಸೈಕಾಲಜಿಸ್ಟರು, ಸೈಕಿಯಾಟ್ರಿಕ್ ಮತ್ತು ಮೆಡಿಕಲ್ ಸೋಶಿಯಲ್ ವರ್ಕರುಗಳು ಈ ಕಾಯ್ದೆಯ ಕೆಳಗೆ ಬರುತ್ತಾರೆ. ನರ್ಸುಗಳಿಗೆ ರಾಜ್ಯದ ನರ್ಸಿಂಗ್ ಕೌನ್ಸಿಲ್ ಇದ್ದೇ ಇದೆ. ಈ ಹೊಸ ಕಾಯ್ದೆಯಿಂದ ಹೊರಟ ಒಂದು ಬದಲಾವಣೆ ನಮ್ಮ ಊರಿನವರನ್ನು ನೇರವಾಗಿ ತಟ್ಟಿದೆ. ಮನೆಯಲ್ಲೇ ಇದ್ದುಕೊಂಡು, ಶಾಲೆಯಲ್ಲಿ ಕಲಿಸುತ್ತಲೋ ಮಗುವನ್ನು ನೋಡಿಕೊಳ್ಳುತ್ತಲೋ, ಇಗ್ನೋ ಮೂಲಕ ಎಂ.ಎ. ಸೈಕಾಲಜಿ ಮಾಡಿದ ಹೆಂಗಸರು ಇಲ್ಲಿ ಬೇಕಾದಷ್ಟಿದ್ದಾರೆ. ಸೈಕಾಲಜಿಯೂ ಸೇರಿದಂತೆ ಈ ಕಾಯ್ದೆಯ ವ್ಯಾಪ್ತಿಯ ವಿಷಯಗಳನ್ನು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ ಕಲಿಸುವಂತಿಲ್ಲ ಎಂದು ಯುಜಿಸಿ 2025ರ ಜುಲೈ-ಆಗಸ್ಟ್ ಸಾಲಿನಿಂದ ತಡೆ ಹಾಕಿತು. ಮೊದಲೇ ಸೇರಿ ಮುಗಿಸಿದವರು ಹೆದರಬೇಕಾಗಿಲ್ಲ. ಇನ್ನು ಮುಂದೆ ಸೇರುವವರು ರೆಗ್ಯುಲರ್ ಕೋರ್ಸನ್ನೇ ನೋಡಬೇಕು. ನ್ಯಾಯವಾಗಿ ಹೇಳಬೇಕಾದರೆ, ಈ ತೀರ್ಮಾನದ ಹಿಂದಿನ ಕಾಳಜಿ ಸರಿಯಾದದ್ದು. ಮನುಷ್ಯನ ಎದುರು ಕೂತು ಕಲಿಯಬೇಕಾದ್ದನ್ನು ಪುಸ್ತಕದಿಂದಷ್ಟೇ ಕಲಿಯಲಾಗದು. ಆದರೂ ಮನೆ ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ ಇದ್ದ ಒಂದು ಕಿಟಕಿ ಮುಚ್ಚಿತಲ್ಲಾ ಎಂಬ ಸಂಕಟ ನನಗಿದೆ.

ಎರಡು ದಿನದ ಹಿಪ್ನೋಥೆರಪಿ, ವಾರಾಂತ್ಯದ ಎನ್‌ಎಲ್‌ಪಿ (ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್), ಆರು ವಾರದ “ಸರ್ಟಿಫೈಡ್ ಥೆರಪಿಸ್ಟ್” ಜಾಹೀರಾತುಗಳ ಬಗ್ಗೆ ಒಂದೇ ಮಾತು: ಅದರಿಂದ ಯಾವ ಅಧಿಕಾರವೂ ಬರುವುದಿಲ್ಲ.

ಮೂರನೆಯದು: ಕೈಯಲ್ಲಿ ಯಾವ ಡಿಗ್ರಿ ಇದೆ?

ಬಿ.ಎ. ಅಥವಾ ಬಿ.ಎಸ್ಸಿ. ಸೈಕಾಲಜಿ ಇದ್ದರೆ ಎಲ್ಲ ಬಾಗಿಲೂ ತೆರೆದಿದೆ. ಬಿ.ಕಾಂ., ಬಿ.ಎ. ಕನ್ನಡ, ಬಿ.ಎಸ್ಸಿ. ಬಾಟನಿ ಮಾಡಿದವರಿಗೆ ಎಂ.ಎಸ್ಸಿ. ಸೈಕಾಲಜಿ ಹಲವು ಕಡೆ ಸಿಗುವುದಿಲ್ಲ, ಆದರೆ ಎಂ.ಎಸ್.ಡಬ್ಲ್ಯು.ಗೆ ಸಾಮಾನ್ಯವಾಗಿ ಯಾವ ಡಿಗ್ರಿಯಾದರೂ ನಡೆಯುತ್ತದೆ. ಕನ್ನಡ ಎಂ.ಎ. ಮಾಡಬೇಕೆಂದಿದ್ದ ಹುಡುಗಿಯೊಬ್ಬಳು ಎಂ.ಎಸ್.ಡಬ್ಲ್ಯು.ಗೆ ಹೋದರೆ ಅವಳ ಭಾಷೆಯ ಸೂಕ್ಷ್ಮ ಅಲ್ಲಿ ಹಾಳಾಗುವುದಿಲ್ಲ, ಕೇಸ್ ರಿಪೋರ್ಟು ಬರೆಯುವಾಗ ಕೈಹಿಡಿಯುತ್ತದೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದು ವರ್ಷ ಕೆಲಸ ಮಾಡಿದವರಿಗೆ ಎರಡು ವರ್ಷದ ಎಂ.ಎಸ್ಸಿ. ಸೈಕಿಯಾಟ್ರಿಕ್ ನರ್ಸಿಂಗ್ ಇದೆ. ಅಷ್ಟು ಸಮಯ ಇಲ್ಲದವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ.

ನಾಲ್ಕನೆಯದು: ಎಲ್ಲಿ?

ಮನೆಯಿಂದ ದೂರದ ಲೆಕ್ಕದಲ್ಲಿ ಹೇಳುತ್ತೇನೆ.

ಜಿಲ್ಲೆಯೊಳಗೆ ಪೆರಿಯದಲ್ಲಿ 2009ರಲ್ಲಿ ಆರಂಭವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಎಂ.ಎಸ್.ಡಬ್ಲ್ಯು. ಇದೆ, ಪ್ರವೇಶ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ, ಫೀಸು ಖಾಸಗಿ ಕಾಲೇಜುಗಳ ಹತ್ತಿರಕ್ಕೂ ಬರುವುದಿಲ್ಲ. ಮನೆಬಾಗಿಲಿನಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದೇಶದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ, ನಮ್ಮವರು ಸಿಯುಇಟಿ ಅರ್ಜಿಯ ದಿನಾಂಕವನ್ನೇ ತಪ್ಪಿಸಿಕೊಳ್ಳುತ್ತಾರೆ. ಡಿಗ್ರಿಯ ಕೊನೆಯ ವರ್ಷದಲ್ಲಿರುವಾಗಲೇ, ಫಲಿತಾಂಶಕ್ಕೆ ಕಾಯದೆ, ಅರ್ಜಿ ಹಾಕಬೇಕು.

ದಕ್ಷಿಣಕ್ಕೆ ಹೋದರೆ ಕಣ್ಣೂರು ವಿಶ್ವವಿದ್ಯಾಲಯದ ಮಾಂಗಾಟ್ಟುಪರಂಬ ಕ್ಯಾಂಪಸ್ಸಿನಲ್ಲಿ ಕ್ಲಿನಿಕಲ್ ಮತ್ತು ಕೌನ್ಸೆಲಿಂಗ್ ಸೈಕಾಲಜಿಯ ಎಂ.ಎಸ್ಸಿ. ಇದೆ. ಇನ್ನೂ ಮುಂದೆ ತೇಞಿಪ್ಪಾಲಂನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ. ಕಲ್ಲಿಕೋಟೆ ನಗರದಲ್ಲೇ ಇಮ್‌ಹಾನ್ಸ್ ಇದೆ. ಮಲಬಾರಿನಲ್ಲಿ ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ತರಬೇತಿಗೆ ಹೆಸರಾದ ಸರಕಾರಿ ಸಂಸ್ಥೆ. ಕೇರಳದ ಮೂರು ಸರಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಒಂದಾದ ಕುದಿರವಟ್ಟಂ ಕೂಡ ಆ ಊರಿನಲ್ಲೇ ಇದೆ.

ಉತ್ತರಕ್ಕೆ ಮಂಗಳೂರು. ನಮ್ಮ ಅರ್ಧ ಬದುಕು ಅಲ್ಲಿನ ಆಸ್ಪತ್ರೆ, ಕಾಲೇಜುಗಳ ಸುತ್ತವೇ ತಿರುಗುತ್ತದೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಅದು ಎಲ್ಲರಿಗೂ ಅರ್ಥವಾಯಿತು. 1960ರಲ್ಲಿ ಆರಂಭವಾದ ರೋಶನಿ ನಿಲಯ ಎಂ.ಎಸ್.ಡಬ್ಲ್ಯು.ಗೆ ಹಳೆಯ, ಗಟ್ಟಿ ಹೆಸರು. ಕಾಸರಗೋಡು, ಉಪ್ಪಳ, ಮಂಜೇಶ್ವರದವರು ಬೆಳಗಿನ ರೈಲು ಹಿಡಿದು ಹೋಗಿ ಸಂಜೆ ಮರಳಿ ಬರಬಹುದು. ಇನ್ನೂ ಮೇಲೆ ಮಣಿಪಾಲದಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿ ಇದೆ, ಖರ್ಚು ಹೆಚ್ಚು.

ದೂರ ಹೋಗಲು ತಯಾರಿದ್ದರೆ ಮೊದಲ ಹೆಸರು ಬೆಂಗಳೂರಿನ ನಿಮ್ಹಾನ್ಸ್. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆಯಲ್ಲಿ ಸೈಕಿಯಾಟ್ರಿ, ಕ್ಲಿನಿಕಲ್ ಸೈಕಾಲಜಿ, ಸೋಶಿಯಲ್ ವರ್ಕ್, ನರ್ಸಿಂಗ್ ನಾಲ್ಕೂ ಒಂದೇ ಆವರಣದಲ್ಲಿವೆ. ಬೇರೆ ಬೇರೆ ವಿಭಾಗದವರು ಒಬ್ಬ ರೋಗಿಯ ಬಗ್ಗೆ ಒಟ್ಟಿಗೆ ಕೂತು ಚರ್ಚಿಸುವುದನ್ನು ಅಲ್ಲಿ ನೋಡಿ ಕಲಿಯಬಹುದು. ಇನ್ನೊಂದು ಮಾತು. ಅಲ್ಲಿನ ಹೊರರೋಗಿ ವಿಭಾಗದಲ್ಲಿ ದಿನವೂ ಕೇಳಿಸುವುದು ಕನ್ನಡ. ದೇಶದ ಬೇರೆ ಕಡೆಯಿಂದ ಬಂದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕಷ್ಟಪಟ್ಟು ಕನ್ನಡ ಕಲಿಯಬೇಕಾದಲ್ಲಿ ನೀವು ಮೊದಲ ದಿನವೇ ರೋಗಿಯ ಹತ್ತಿರ ಕೂರಬಹುದು. ಧಾರವಾಡದ ಡಿಮ್ಹಾನ್ಸ್ ಕೂಡ ಸರಕಾರಿ ಸಂಸ್ಥೆ. ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳಲು ಸ್ವಲ್ಪ ದಿನ ಬೇಕಾಗುತ್ತದೆ ಅಷ್ಟೆ.

ಲಂಡನ್, ಮ್ಯಾಂಚೆಸ್ಟರ್ ಎಂದು ಏಜೆಂಟರು ತೋರಿಸುವ ಒಂದು ವರ್ಷದ “ಮೆಂಟಲ್ ಹೆಲ್ತ್” ಎಂ.ಎಸ್ಸಿ.ಗಳ ಬಗ್ಗೆಯೂ ಎಚ್ಚರ ಬೇಕು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ 2008ರಲ್ಲಿ ಮಾತಿನ ಚಿಕಿತ್ಸೆಯನ್ನು ದೊಡ್ಡ ಪ್ರಮಾಣದಲ್ಲಿ ಜನರಿಗೆ ತಲುಪಿಸಲು ಹೊರಟದ್ದು, ಖಿನ್ನತೆ ಮತ್ತು ಆತಂಕಕ್ಕೆ ಸಿಬಿಟಿಯಂಥ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ) ಚಿಕಿತ್ಸೆ ಕೊಡಲು ಸಾವಿರಾರು ಜನರಿಗೆ ತರಬೇತಿ ಕೊಟ್ಟದ್ದು ನಿಜವಾಗಿಯೂ ದೊಡ್ಡ ಕೆಲಸ. ಆದರೆ ಆ ತರಬೇತಿ ಹೆಚ್ಚಾಗಿ ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಸಿಗುವಂಥದ್ದು. ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಮೂರು ವರ್ಷದ ಡಾಕ್ಟರೇಟ್ ಮತ್ತು ಅಲ್ಲಿನ ಪರಿಷತ್ತಿನ ನೋಂದಣಿ ಬೇಕು. ಒಂದು ವರ್ಷದ ಎಂ.ಎಸ್ಸಿ. ಸಂಶೋಧನೆಗೆ ಅಡಿಪಾಯ ಆಗಬಹುದು. ಅದನ್ನು ಹಿಡಿದು ಊರಿಗೆ ಬಂದು ಕ್ಲಿನಿಕ್ ತೆರೆಯಬಹುದು ಎಂದು ಹೇಳುವವರ ಮಾತು ನಂಬಿ ತೋಟ ಅಡವಿಡಬೇಡಿ.

ಐದನೆಯದು: ಗಡಿಯ ಕಾಗದಪತ್ರ

ಕೇರಳದ ಒಳಗಿನವರಿಗೂ ಕರ್ನಾಟಕದ ಒಳಗಿನವರಿಗೂ ಇಲ್ಲದ ಒಂದು ತಲೆಬಿಸಿ ನಮಗಿದೆ. ಪ್ಲಸ್ ಟು ಕೇರಳದಲ್ಲಿ, ಡಿಗ್ರಿ ಮಂಗಳೂರಿನಲ್ಲಿ, ಪಿ.ಜಿ. ಮತ್ತೆ ಕಣ್ಣೂರಿನಲ್ಲಿ ಎಂದಾದರೆ ಪ್ರತಿ ದಾಟುವಿಕೆಗೂ ಒಂದೊಂದು ಕಾಗದ. ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಬೇರೆ ವಿಶ್ವವಿದ್ಯಾಲಯದ ಡಿಗ್ರಿಯನ್ನು ಒಪ್ಪಿದ್ದೇವೆ ಎಂಬ ಎಲಿಜಿಬಿಲಿಟಿ ಸರ್ಟಿಫಿಕೇಟ್ ಬೇಕು. ಇವಕ್ಕೆ ಮೊದಲೇ ಅರ್ಜಿ ಹಾಕಿಡಿ, ಕೊನೆಯ ವಾರದಲ್ಲಿ ಸಿಗುವ ವಸ್ತುಗಳಲ್ಲ. ನೇಟಿವಿಟಿ, ಆದಾಯ, ಜಾತಿ, ನಾನ್ ಕ್ರೀಮಿ ಲೇಯರ್ ಇವನ್ನೆಲ್ಲ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕಿ ವಿಲ್ಲೇಜ್ ಆಫೀಸಿನ ಮೂಲಕ ಮಾಡಿಸಿಕೊಳ್ಳಿ. ಕೇಂದ್ರ ಸರಕಾರದ ಸಂಸ್ಥೆಗಳಿಗೆ ಹಿಂದುಳಿದ ವರ್ಗದವರ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ರಾಜ್ಯದ ನಮೂನೆ ಹಿಡಿದು ಹೋಗಿ ಕೌನ್ಸೆಲಿಂಗ್ ದಿನ ಸೀಟು ಕಳೆದುಕೊಳ್ಳುವುದು ಬೇಡ. ಜಾತಿ ಪಟ್ಟಿಗಳು ರಾಜ್ಯಕ್ಕೊಂದು ಎಂಬುದೂ ನೆನಪಿರಲಿ. ಕೇರಳದಲ್ಲಿ ಸಿಗುವ ಮೀಸಲಾತಿ ಕರ್ನಾಟಕದ ರಾಜ್ಯ ಕೋಟಾದಲ್ಲಿ ಸಿಗುತ್ತದೆ ಎಂದು ಭಾವಿಸಬೇಡಿ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗ, ಹೊರನಾಡ ಕನ್ನಡಿಗ ಎಂಬ ವರ್ಗಗಳಿವೆ. ವಿಶ್ವವಿದ್ಯಾಲಯದ ಪಿ.ಜಿ. ಸೀಟಿಗೂ ಅಂಥ ಅವಕಾಶ ಇದೆಯೇ ಎಂದು ಆಯಾ ಅಧಿಸೂಚನೆಯಲ್ಲಿ ಹುಡುಕಿ, ಇಲ್ಲವಾದರೆ ಫೋನ್ ಮಾಡಿ ಕೇಳಿ. ಒಂದನೇ ತರಗತಿಯಿಂದ ಓದಿದ ಶಾಲೆಗಳ ಸರ್ಟಿಫಿಕೇಟುಗಳನ್ನು ಜೋಪಾನವಾಗಿ ಒಂದೇ ಫೈಲಿನಲ್ಲಿಡಿ, ಕನ್ನಡ ಕಲಿತದ್ದಕ್ಕೆ ಸಾಕ್ಷಿ ಅವೇ. ಮೆರಿಟ್ ಸೀಟು ಸಿಕ್ಕಿದ ಕೂಡಲೇ ಕೇರಳ ಸರಕಾರದ ವಿದ್ಯಾರ್ಥಿವೇತನವಾದ ಇ-ಗ್ರಾಂಟ್ಸ್ ಅರ್ಜಿ ಹಾಕಿ.

ಆರನೆಯದು: ಪ್ರವೇಶ ಪರೀಕ್ಷೆಗೆ ಓದುವುದು

ಹೆಚ್ಚಿನವರು ಫ್ರಾಯ್ಡ್, ಯೂಂಗ್ ಓದಿ ಖುಷಿಯಾಗಿ ಹೋಗಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬೀಳುತ್ತಾರೆ. ಸಂಶೋಧನಾ ವಿಧಾನ ಮತ್ತು ಅಂಕಿಅಂಶಕ್ಕೆ ಮೊದಲ ಎರಡು ತಿಂಗಳು ಕೊಡಿ. ಆಮೇಲೆ ಮನೋರೋಗಗಳ ವರ್ಗೀಕರಣ: ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 2022ರಿಂದ ಜಾರಿಯಲ್ಲಿದೆ, ಆದರೂ ಆಸ್ಪತ್ರೆಗಳಲ್ಲಿ ಐಸಿಡಿ-10 ಬಲ್ಲವರೇ ಹೆಚ್ಚು, ಹಾಗಾಗಿ ಎರಡರ ವ್ಯತ್ಯಾಸ ಗೊತ್ತಿರಬೇಕು. ಚಿಕಿತ್ಸಾ ಪದ್ಧತಿಗಳಲ್ಲಿ ಬೆಕ್ ಅವರ ಸಿಬಿಟಿ, ಎಲ್ಲಿಸ್ ಅವರ ಆರ್‌ಇಬಿಟಿ (ತರ್ಕವಿಲ್ಲದ ನಂಬಿಕೆಗಳನ್ನು ಪ್ರಶ್ನಿಸುವ ಚಿಕಿತ್ಸೆ), ರಾಜರ್ಸ್ ಅವರ ವ್ಯಕ್ತಿಕೇಂದ್ರಿತ ಚಿಕಿತ್ಸೆ, ಲೈನ್‌ಹಾನ್ ಅವರ ಡಿಬಿಟಿ (ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಚಿಕಿತ್ಸೆ) ಇವುಗಳ ಮೂಲ ತರ್ಕ ಏನು ಎಂದು ನಿಮ್ಮ ಮಾತಿನಲ್ಲಿ ಹೇಳಲು ಬರಬೇಕು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಪೂರ್ತಿ ಓದಿ, ಗೈಡಿನ ಸಾರಾಂಶ ಸಾಲದು. 2017ರ ಕಾಯ್ದೆಯ 23ನೇ ಕಲಮು ರೋಗಿಯ ಗೌಪ್ಯತೆಯ ಹಕ್ಕನ್ನು ಹೇಳುತ್ತದೆ. 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 95ನೇ ಕಲಮು ನಿಷೇಧಿಸುತ್ತದೆ. ಸಂದರ್ಶನದಲ್ಲಿ ಕೇಳುವುದು ಬಿಡಿ, ಮುಂದೆ ದಿನವೂ ಬೇಕಾಗುವ ವಿಷಯಗಳಿವು.

ನಿಮ್ಹಾನ್ಸ್ ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ಯುವ ಪ್ರಯೋಗ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಅದೇ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇದನ್ನು ಓದಿಕೊಂಡು ಹೋಗಿ. ನಮ್ಮಂಥ ಜಿಲ್ಲೆಯಿಂದ ಬಂದವರಿಗೆ ಸಮುದಾಯದ ಕೆಲಸದ ಬಗ್ಗೆ ಹೇಳಲು ಸ್ವಂತ ಮಾತು ಇರಬೇಕು.

ಏಳನೆಯದು: ನಿಮ್ಮ ಭಾಷೆಗಳನ್ನು ಕೆಲಸಕ್ಕೆ ತನ್ನಿ

ಕಾಸರಗೋಡಿನ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ಸಿನಲ್ಲಿ ಮಲಯಾಳ ಮಾತಾಡಿ ಬೆಳೆಯುತ್ತದೆ. ಬೇರೆ ಓದಿನಲ್ಲಿ ಇದಕ್ಕೆ ಅಂಕ ಸಿಗುವುದಿಲ್ಲ. ಈ ಕ್ಷೇತ್ರದಲ್ಲಿ ಇದು ಬಂಡವಾಳ. ಖಿನ್ನತೆಯಲ್ಲಿರುವ ಅಜ್ಜಿ ತನ್ನ ಸಂಕಟವನ್ನು ಮನೆಮಾತಿನಲ್ಲಷ್ಟೇ ಹೇಳುತ್ತಾಳೆ, ಅದೂ ಮನಸ್ಸಿನ ಹೆಸರು ಎತ್ತದೆ: ಕೈಕಾಲು ಸೋಲುತ್ತದೆ, ಹೊಟ್ಟೆ ಉರಿ, ಎದೆ ಡವಡವ, ಮೂರು ಗಂಟೆಗೇ ಎಚ್ಚರ. ಮನೆಯವರು ಪ್ರಶ್ನೆ ಇಡಿಸಿರುತ್ತಾರೆ, ದೈವಕ್ಕೆ ಹರಕೆ ಹೊತ್ತಿರುತ್ತಾರೆ. ಅದನ್ನು ಕೇಳಿ ಮೂಗು ಮುರಿಯುವ ಚಿಕಿತ್ಸಕರ ಬಳಿ ಅವರು ಎರಡನೇ ಸಲ ಬರುವುದಿಲ್ಲ. ಹರಕೆಯೂ ನಡೆಯಲಿ, ಮಾತ್ರೆಯೂ ನಡೆಯಲಿ ಎಂದು ಹೇಳಲು ಗೊತ್ತಿರುವವರು ಬೇಕು. ಹೊಡೆತ, ಉಪವಾಸ, ಕಟ್ಟಿಹಾಕುವುದು ಬಂದಲ್ಲಿ ಮಾತ್ರ ಸ್ಪಷ್ಟವಾಗಿ ಬೇಡ ಎನ್ನಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಠ್ಯ ಕಷ್ಟವಾಗುತ್ತದೆ. ಪ್ರತಿ ಕೇಸನ್ನೂ ಮೊದಲು ರೋಗಿ ಹೇಳಿದ ಮಾತುಗಳಲ್ಲೇ ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷಿನಲ್ಲಿ ರಿಪೋರ್ಟು ಮಾಡಿ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಸರಳ ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಬರೆದಿದ್ದಾರೆ. ಜನರಿಗೆ ವಿವರಿಸುವ ಮಾತು ಅಲ್ಲಿ ಸಿಗುತ್ತದೆ.

ರೋಗಿಗಳಿಗೆ, ಮಕ್ಕಳಿಗೆ ಕೊಡುವ ಮನೋಪರೀಕ್ಷೆಗಳ ವಿಷಯದಲ್ಲಿ ಜಾಗ್ರತೆ ಬೇಕು. ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದರು. ಕನ್ನಡದಲ್ಲಿ ಈ ಕೆಲಸಕ್ಕೆ ಅಷ್ಟು ಹಳೆಯ ಪರಂಪರೆ ಇದೆ ಎಂಬುದು ಹೆಮ್ಮೆಯ ವಿಷಯ. ಹಾಗಿದ್ದರೂ ಯಾವುದೋ ಕಾಲದಲ್ಲಿ ಯಾವುದೋ ಊರಿನ ಮಕ್ಕಳ ಮೇಲೆ ಅಳೆದು ತೆಗೆದ ಮಾನದಂಡವನ್ನು ಎಣ್ಮಕಜೆಯ ತುಳು ಮಗುವಿನ ಮೇಲೆ ಇಟ್ಟು ತೀರ್ಪು ಕೊಡುವ ಮುನ್ನ ಹತ್ತು ಸಲ ಯೋಚಿಸಬೇಕು. ಮೇಷ್ಟ್ರನ್ನು ಕೇಳಿ, ಚರ್ಚಿಸಿ.

ಎಂಟನೆಯದು: ಫೀಲ್ಡ್ ವರ್ಕ್, ಪ್ರಬಂಧ

ಪ್ರಬಂಧಕ್ಕೆ ವಿಷಯ ಹುಡುಕುವಾಗ ಕಾಸರಗೋಡಿನ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಎಂಡೋಸಲ್ಫಾನ್ ಕೀಟನಾಶಕದ ದುರಂತ. ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯ ಹೆಸರು ದೇಶಕ್ಕೆಲ್ಲ ತಿಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧ ಹೇರಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಕಾಯಿಲೆ, ಅಂಗವೈಕಲ್ಯದಿಂದ ಬಳಲುವ ಮಕ್ಕಳ ಬಗ್ಗೆ ಬರೆದದ್ದು ಬಹಳ. ಆ ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷ ಎತ್ತಿ ಸಾಕಿದ ತಾಯಂದಿರ ನಿದ್ದೆ, ಬೆನ್ನು, ಮನಸ್ಸು, ತಾನು ಸತ್ತ ಮೇಲೆ ಈ ಮಗುವಿಗೆ ಯಾರು ಎಂಬ ಭಯ, ಇದರ ಬಗ್ಗೆ ಮಾಡಬೇಕಾದ ಕೆಲಸ ಇನ್ನೂ ಉಳಿದಿದೆ.

ಆದರೆ ಕೈಮುಗಿದು ಕೇಳುತ್ತೇನೆ: ಪ್ರಶ್ನಾವಳಿ ಹಿಡಿದು ಹೋಗಿ ಫೋಟೋ ತೆಗೆದು ಬರುವ ಇನ್ನೊಬ್ಬರಾಗಬೇಡಿ. ಆ ಮನೆಗಳಿಗೆ ಎಷ್ಟು ಜನ ಬಂದು ಹೋದರು ಎಂಬುದಕ್ಕೆ ಲೆಕ್ಕವಿಲ್ಲ. ಮೊದಲು ಬುದ್ಧಿಮಾಂದ್ಯ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಯೊಂದರಲ್ಲಿ ಕೆಲವು ವಾರ ಸುಮ್ಮನೆ ಕೆಲಸ ಮಾಡಿ. ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಮಾತಾಡುತ್ತಾ ತಾಯಿ ಅತ್ತರೆ ಅವರನ್ನು ಯಾರ ಬಳಿ ಕಳಿಸುತ್ತೀರಿ ಎಂದು ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಕಂಡುಕೊಂಡದ್ದನ್ನು ಅವರಿಗೇ ಹೋಗಿ ಹೇಳಿ.

ತರಬೇತಿಯ ಅವಧಿಯಲ್ಲಿ ಮೇಲ್ವಿಚಾರಕರ ಜೊತೆಗಿನ ಗಂಟೆಯನ್ನು ಒಮ್ಮೆಯೂ ತಪ್ಪಿಸಿಕೊಳ್ಳಬೇಡಿ. ತರಗತಿಯ ಉಪನ್ಯಾಸ ತಪ್ಪಿದರೆ ನೋಟ್ಸ್ ಸಿಗುತ್ತದೆ, ಆ ಗಂಟೆಗೆ ನೋಟ್ಸ್ ಇಲ್ಲ. ಕಥೆಗಳನ್ನು ಕೇಳಿ ಕೇಳಿ ನಿಮ್ಮ ನಿದ್ದೆಯೇ ಕೆಟ್ಟರೆ ಅದನ್ನೂ ಅಲ್ಲೇ ಹೇಳಿ. ಅಗತ್ಯ ಬಿದ್ದರೆ ನೀವೂ ಸಹಾಯ ಪಡೆಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಒಂಬತ್ತನೆಯದು: ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ

ಪುಸ್ತಕಗಳು ಗೌಪ್ಯತೆಯ ಬಗ್ಗೆ ಬರೆಯುವಾಗ ದೊಡ್ಡ ನಗರವನ್ನು ಕಣ್ಣೆದುರು ಇಟ್ಟುಕೊಂಡಿರುತ್ತವೆ. ನಮ್ಮಲ್ಲಿ ನಿಮ್ಮ ಬಳಿ ಬಂದ ಹುಡುಗಿ ನಿಮ್ಮ ಅತ್ತಿಗೆಯ ತಂಗಿಯ ಗೆಳತಿಯಾಗಿರುತ್ತಾಳೆ. ನಾಳೆ ಮಧೂರು ದೇವಸ್ಥಾನದಲ್ಲೋ ಮದುವೆ ಊಟದ ಪಂಕ್ತಿಯಲ್ಲೋ ಎದುರಾಗುತ್ತಾಳೆ. ಮೊದಲ ಭೇಟಿಯಲ್ಲೇ ಹೇಳಿಬಿಡಿ: “ಹೊರಗೆ ಸಿಕ್ಕಿದರೆ ನಾನಾಗಿ ಮಾತಾಡಿಸುವುದಿಲ್ಲ. ನೀವು ಮಾತಾಡಿಸಿದರೆ ಮಾತಾಡುತ್ತೇನೆ. ಬೇಜಾರು ಮಾಡಬೇಡಿ.” ಹತ್ತಿರದ ಬಂಧುಗಳನ್ನು ತೆಗೆದುಕೊಳ್ಳಬೇಡಿ, ಬೇರೆಯವರ ಬಳಿ ಕಳಿಸಿ. “ನಮ್ಮ ಮಗಳು ನಿನ್ನತ್ರ ಏನು ಹೇಳಿದಳು ಮಗಾ?” ಎಂದು ದೊಡ್ಡಮ್ಮ ಕೇಳಿದಾಗ ಬಾಯಿ ಬಿಡದಿರುವುದು ಪರೀಕ್ಷೆ ಬರೆಯುವುದಕ್ಕಿಂತ ಕಷ್ಟ. ಅಭ್ಯಾಸ ಮಾಡಿಕೊಳ್ಳಿ.

ಗೌಪ್ಯತೆಗೂ ಮಿತಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ವರದಿ ಮಾಡಲೇಬೇಕು. ಮನೆತನದ ಮರ್ಯಾದೆ, ಊರಿನ ದೊಡ್ಡವರ ಒತ್ತಾಯ ಯಾವುದೂ ಅಡ್ಡ ಬರಬಾರದು. ಈ ಮಿತಿಯನ್ನೂ ಮೊದಲ ಭೇಟಿಯಲ್ಲೇ ಹೇಳಿ.

ಕೊನೆಗೆ: ಕೆಲಸ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಶಾಲಾ ಕೌನ್ಸಿಲರ್, ಅಮಲು ಬಿಡಿಸುವ ಅಬಕಾರಿ ಇಲಾಖೆಯ ವಿಮುಕ್ತಿ ಕೇಂದ್ರ, ದೌರ್ಜನ್ಯಕ್ಕೊಳಗಾದ ಹೆಂಗಸರಿಗಾಗಿ ಇರುವ ಸಖಿ ಒನ್ ಸ್ಟಾಪ್ ಸೆಂಟರ್, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಕುಟುಂಬಶ್ರೀಯ ಮಹಿಳಾ ಸಹಾಯ ಕೇಂದ್ರ ಸ್ನೇಹಿತಾ, ಕುಟುಂಬ ನ್ಯಾಯಾಲಯ: ಊರಿನಲ್ಲೇ ಉಳಿಯಬೇಕೆಂದಿರುವವರು ಇವುಗಳ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಬೇಕು. ಬಹುಪಾಲು ಗುತ್ತಿಗೆ ಹುದ್ದೆಗಳು, ಸಂಬಳ ದೊಡ್ಡದಲ್ಲ. ಮೊದಲ ಎರಡು ಮೂರು ವರ್ಷಕ್ಕೆ ಆಸ್ಪತ್ರೆಯ ಕೆಲಸ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಸ್ವಂತ ಕ್ಲಿನಿಕ್ ತೆರೆಯಲು ಆತುರ ಬೇಡ.

ಅರ್ಜಿಯಲ್ಲಿ ಕನ್ನಡ, ತುಳು, ಮಲಯಾಳ ಎಂದು ನಿಮಗೆ ಬರುವ ಭಾಷೆಗಳನ್ನೆಲ್ಲ ಬರೆಯಿರಿ. ಕೇರಳ ಪಿಎಸ್‌ಸಿ ಕಾಸರಗೋಡಿನ ಕೆಲವು ಹುದ್ದೆಗಳಿಗೆ ಕನ್ನಡ ಮತ್ತು ಮಲಯಾಳ ಬಲ್ಲವರನ್ನೇ ಕರೆಯುತ್ತದೆ. ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಇಲ್ಲಿನ ಹೆತ್ತವರು ಬೀದಿಗಿಳಿದಿದ್ದಾರೆ. ಕೌನ್ಸಿಲರ್ ವಿಷಯದಲ್ಲಿ ಆ ಒತ್ತಾಯ ಇನ್ನೂ ಜೋರಾಗಿ ಬರಬೇಕು, ಏಕೆಂದರೆ ಪಾಠ ಅರ್ಥವಾಗದ ಮಗು ಪಕ್ಕದವನನ್ನು ಕೇಳೀತು, ಮನೆಯಲ್ಲಿ ತನಗೆ ಆದದ್ದನ್ನು ಹೇಳಲು ಮಾತು ಸಿಗದ ಮಗು ಸುಮ್ಮನಾಗುತ್ತದೆ. ನೀವು ಕಲಿತು ಬರುವ ಹೊತ್ತಿಗೆ ಆ ಹುದ್ದೆ ಇರಬೇಕಾದರೆ ಈಗಲೇ ನಿಮ್ಮ ಶಾಲೆಯ ಪಿಟಿಎ ಸಭೆಯಲ್ಲಿ ಕನ್ನಡ ಬಲ್ಲ ಕೌನ್ಸಿಲರ್ ಬೇಕು ಎಂದು ಠರಾವು ಮಾಡಿಸಿ, ಅದರ ಪ್ರತಿಯನ್ನು ಪಂಚಾಯತಿಗೂ ಜಿಲ್ಲಾಧಿಕಾರಿಗಳಿಗೂ ಕಳಿಸಿ.